ಆಟಕ್ಕುಂಟು, ಲೆಕ್ಕಕ್ಕಿಲ್ಲ

(ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಕನ್ನಡಿಗರು ಲಿಟಲ್ ಎಲ್ಮ್‌ನಲ್ಲಿ ಸೇರಿದ್ದಾಗ ಮಾಡಿದ ಭಾಷಣದ ಲಿಖಿತ ರೂಪ)



ಹ್ಯೂಸ್ಟನ್ನಿನಿಂದ ಬೆಳಗಿನ ಜಾವವೇ ಹೊರಟು ಐ-45 ಹಿಡಿದು ಬಂದವರಿದ್ದೀರಿ. ಆಸ್ಟಿನ್ನಿನಿಂದ ಐ-35ರ ಟ್ರಾಫಿಕ್ಕಿನಲ್ಲಿ ಕೂತು ಬಂದವರಿದ್ದೀರಿ. ನನಗೆ ಊಟಕ್ಕೆ ಮುಂಚಿನ ಭಾಷಣ ಕೊಟ್ಟಿದ್ದಾರೆ, ಹಸಿದವರ ಮುಂದೆ ಹೆಚ್ಚು ಹೊತ್ತು ಮಾತನಾಡುವ ಧೈರ್ಯ ನನಗಿಲ್ಲ.

ವಿಷಯ ಪ್ರೋಗ್ರಾಮಿಂಗಿನದು. ಒಂದು ಪಟ್ಟಿಯನ್ನು ಕಲೆಕ್ಷನ್ ಮಾಡಿಕೊಂಡು, ಅದರ ಮೇಲೆ ಮೆಥಡ್‌ಗಳನ್ನು ಸರಪಳಿಯಂತೆ ಪೋಣಿಸಿ ಕೆಲಸ ಮಾಡುವ ಕ್ರಮ. ಕೋಡ್ ಬರೆಯದವರೂ ಇಲ್ಲಿದ್ದೀರಿ. ನಿಮಗೂ ಇದರಲ್ಲಿ ಪಾಲಿದೆ. ಏಕೆಂದರೆ ನಾನು ಬರೆದ ಒಂದೇ ಸಾಲು ಕೋಡ್ ನಮ್ಮವರಿಗೇ ನೋವು ಮಾಡಿತು. ಆ ಕಥೆ ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ಮೊದಲು ಈ ಸರಪಳಿ ಏನೆಂದು ನೋಡೋಣ. ಹಳೆಯ ರೀತಿಯಲ್ಲಿ ಪಟ್ಟಿಯೊಂದರಿಂದ ಬೇಕಾದದ್ದನ್ನು ಆರಿಸಲು ಲೂಪ್ ಬರೆಯುತ್ತಿದ್ದೆವು. ಖಾಲಿ ಪಟ್ಟಿ ಒಂದನ್ನು ಇಟ್ಟುಕೊಳ್ಳುವುದು, ಒಂದೊಂದೇ ಹೆಸರು ನೋಡುವುದು, ಸರಿಯಿದ್ದರೆ ಅದಕ್ಕೆ ಸೇರಿಸುವುದು, ಆಮೇಲೆ ಜೋಡಿಸಲು ಇನ್ನೊಂದು ಲೂಪ್. ಕಲೆಕ್ಷನ್‌ನಲ್ಲಿ ಹಾಗಲ್ಲ. ಫಿಲ್ಟರ್ ಎಂದರೆ ಆರಿಸು, ಸಾರ್ಟ್ ಎಂದರೆ ಜೋಡಿಸು, ಮ್ಯಾಪ್ ಎಂದರೆ ಪ್ರತಿಯೊಂದನ್ನೂ ಬೇರೆ ರೂಪಕ್ಕೆ ತಿರುಗಿಸು. ಇವು ಕೆಲಸ ಮುಗಿಸಿ ಮತ್ತೊಂದು ಕಲೆಕ್ಷನ್ ಅನ್ನೇ ಕೈಗೆ ಕೊಡುತ್ತವೆ. ಹಾಗಾಗಿ ಅದರ ಬೆನ್ನಿಗೇ ಮುಂದಿನ ಮೆಥಡ್ ಕರೆಯಬಹುದು.

ಇದು ಹೊಸದೇನಲ್ಲ. ಜೆರಾಕ್ಸ್ ಪಾರ್ಕ್‌ನಲ್ಲಿ ಹುಟ್ಟಿದ ಸ್ಮಾಲ್‌ಟಾಕ್-80 ಭಾಷೆಯಲ್ಲೇ ಸೆಲೆಕ್ಟ್, ಕಲೆಕ್ಟ್ ಎಂಬ ಹೆಸರಿನಲ್ಲಿ ಇವು ಇದ್ದವು. ಸಿ ಶಾರ್ಪ್‌ನವರಿಗೆ 2007ರಲ್ಲಿ ಲಿಂಕ್ ಬಂತು. ನಮ್ಮಲ್ಲಿ ಬಹಳ ಜನರ ಅನ್ನದ ಭಾಷೆಯಾದ ಜಾವಾಗೆ 2014ರಲ್ಲಿ, ಎಂಟನೆಯ ಆವೃತ್ತಿಯಲ್ಲಿ, ಸ್ಟ್ರೀಮ್ ಬಂತು. ನಾನು ಬಳಸುವುದು ಪಿಎಚ್‌ಪಿಯ ಲಾರಾವೆಲ್. ಅದನ್ನು 2011ರಲ್ಲಿ ಹೊರತಂದ ಟೇಲರ್ ಆಟ್‌ವೆಲ್ ನಮ್ಮ ಪಕ್ಕದ ಅರ್ಕನ್ಸಾದವರು. 2024ರ ಲಾರಾಕಾನ್ ಯುಎಸ್ ಸಮ್ಮೇಳನ ಇಲ್ಲೇ ಡಾಲಸ್‌ನಲ್ಲಿ ನಡೆಯಿತು.

ಕನ್ನಡಿಗರಿಗೆ ಈ ಸರಪಳಿ ಕಷ್ಟವಾಗಬಾರದು. "ಅಕ್ಕಿ ಆರಿಸಿ, ತೊಳೆದು, ನೆನೆಸಿ, ರುಬ್ಬಿ, ಇಡ್ಲಿ ಮಾಡಿದೆ" ಅನ್ನುತ್ತೇವಲ್ಲ, ಅದೇ ಇದು. ಆರಿಸಿ, ತೊಳೆದು, ನೆನೆಸಿ ಎಂಬ ಪದಗಳನ್ನು ವ್ಯಾಕರಣದಲ್ಲಿ ಕೃದಂತಾವ್ಯಯ ಎನ್ನುತ್ತಾರೆ. ಒಂದೊಂದೂ ಕೆಲಸ ಮುಗಿಸಿ ಮುಂದಿನದಕ್ಕೆ ದಾರಿ ಬಿಡುತ್ತದೆ. ಕೊನೆಯ ಕ್ರಿಯಾಪದ ಬರುವವರೆಗೆ ವಾಕ್ಯ ಮುಗಿಯುವುದಿಲ್ಲ. ಜಾವಾ ಸ್ಟ್ರೀಮ್ ಕೂಡ ಹಾಗೆಯೇ. ಟು-ಲಿಸ್ಟ್, ಕೌಂಟ್ ಮುಂತಾದ ಕೊನೆಯ ಮೆಥಡ್ ಕರೆಯುವ ತನಕ ಅದು ಕೆಲಸವನ್ನೇ ಶುರು ಮಾಡುವುದಿಲ್ಲ. ಲಾರಾವೆಲ್‌ನ ಮಾಮೂಲಿ ಕಲೆಕ್ಷನ್ ಮಾತ್ರ ಪ್ರತಿ ಹೆಜ್ಜೆಯನ್ನೂ ಅಲ್ಲಲ್ಲೇ ಮುಗಿಸುತ್ತದೆ.

ಈಗ ಕಥೆಗೆ ಬರುತ್ತೇನೆ. ಕೂಟದ ಹೆಸರು ಬೇಡ, ತಪ್ಪು ನನ್ನದು. ರಾಜ್ಯೋತ್ಸವದ ಊಟಕ್ಕೆ ಬರುವವರ ಬ್ಯಾಡ್ಜ್ ಮುದ್ರಿಸುವ ಕೆಲಸ ನನಗೆ ಬಂತು. ನೋಂದಣಿ ಪಟ್ಟಿಯಲ್ಲಿ ಅರ್ಧ ತುಂಬಿ ಬಿಟ್ಟವರೂ ಇದ್ದರು. ಅವರ ಶುಲ್ಕದ ಕಾಲಂ ಖಾಲಿ. ಅವರನ್ನು ತೆಗೆಯಬೇಕಿತ್ತು. ನಾನು ಮೂರು ಕೊಂಡಿಯ ಸರಪಳಿ ಬರೆದೆ: ಶುಲ್ಕ ಇರುವವರನ್ನು ಫಿಲ್ಟರ್ ಮಾಡಿ, ಹೆಸರಿನ ಕ್ರಮಕ್ಕೆ ಸಾರ್ಟ್ ಮಾಡಿ, ಬ್ಯಾಡ್ಜ್‌ಗೆ ಮ್ಯಾಪ್ ಮಾಡು. ಓದಲು ಎಷ್ಟು ಚೆನ್ನಾಗಿತ್ತೆಂದರೆ, ಎರಡನೆಯ ಸಲ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ.

ಕಾರ್ಯಕ್ರಮದ ದಿನ ಬಾಗಿಲಲ್ಲಿ 17 ಜನರ ಬ್ಯಾಡ್ಜ್ ಇರಲಿಲ್ಲ. ಮಕ್ಕಳನ್ನು ನೋಡಲು ಊರಿಂದ ಬಂದಿದ್ದ ಅಪ್ಪ ಅಮ್ಮಂದಿರು ಅದರಲ್ಲಿದ್ದರು. ಕೆಲಸ ಕಳೆದುಕೊಂಡಿದ್ದ ಕೆಲವು ಮನೆಯವರೂ ಇದ್ದರು. ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಆ ದಿನಗಳು ಹೇಗೆ ಕಳೆಯುತ್ತವೆಂದು ಇಲ್ಲಿರುವ ಎಷ್ಟೋ ಜನರಿಗೆ ನಾನು ಹೇಳಬೇಕಿಲ್ಲ. ಇವರೆಲ್ಲರಿಗೂ ಸಮಿತಿಯವರು ಯಾರಿಗೂ ಗೊತ್ತಾಗದ ಹಾಗೆ ಶುಲ್ಕ ಮನ್ನಾ ಮಾಡಿ, ಕಾಲಂನಲ್ಲಿ ಸೊನ್ನೆ ಬರೆದಿದ್ದರು.

ಪಿಎಚ್‌ಪಿಗೆ ಸೊನ್ನೆ ಎಂದರೆ "ಇಲ್ಲ". ಖಾಲಿ ಎಂದರೂ "ಇಲ್ಲ". ಬರೀ "ಶುಲ್ಕ ಇದೆಯೇ?" ಎಂದು ಕೇಳಿದರೆ ಎರಡನ್ನೂ ಒಟ್ಟಿಗೆ ತೆಗೆದು ಹಾಕುತ್ತದೆ. ಎರರ್ ಬರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಅರ್ಧ ತುಂಬಿದ ಅರ್ಜಿಗಳ ಜೊತೆಯಲ್ಲೇ ಮನ್ನಾ ಮಾಡಿದವರೆಲ್ಲ ಪಟ್ಟಿಯಿಂದ ಜಾರಿಹೋಗಿದ್ದರು.

ಮೇಜಿನ ಹತ್ತಿರ ಒಬ್ಬರು ಹೆಂಡತಿ, ಮಗಳ ಜೊತೆ ನಿಂತಿದ್ದರು. ನಾನು ಲ್ಯಾಪ್‌ಟಾಪ್ ತಡಕಾಡುವುದನ್ನು ನೋಡಿ ಮೆಲ್ಲಗೆ ಹೇಳಿದರು, "ಪರವಾಗಿಲ್ಲ ಬಿಡಿ ಸರ್, ನಾವು ದುಡ್ಡು ಕೊಟ್ಟಿಲ್ಲವಲ್ಲ." ನಾನು ಕೈಯಲ್ಲೇ ಹೆಸರು ಬರೆದು ಕೊಟ್ಟೆ. ಅವರು ಊಟ ಮಾಡಿದರು, ಆದರೆ ಹೊರಡುವವರೆಗೂ ಆ ಬ್ಯಾಡ್ಜ್ ಜೇಬಿನಲ್ಲೇ ಇತ್ತು. ಚಿಕ್ಕಂದಿನಲ್ಲಿ ಆಟಕ್ಕೆ ಸೇರಿಸಿಕೊಂಡ ಪುಟ್ಟ ಮಕ್ಕಳಿಗೆ ಹೇಳುತ್ತಿದ್ದೆವಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ. ಅದನ್ನೇ ದೊಡ್ಡವರಿಗೆ ನನ್ನ ಕೋಡ್ ಹೇಳಿತ್ತು.

ಅಂದಿನಿಂದ ನಾನು ಪಾಲಿಸುವ ಕೆಲವು ಕ್ರಮಗಳನ್ನು ನಿಮಗೆ ಹೇಳುತ್ತೇನೆ.

ಮೊದಲನೆಯದು, ಸೊನ್ನೆ ಬೇರೆ, ಖಾಲಿ ಬೇರೆ. ಫಿಲ್ಟರ್ ಒಳಗೆ ಪ್ರಶ್ನೆಯನ್ನು ಪೂರ್ತಿ ಬರೆಯಿರಿ: ಶುಲ್ಕ ನಲ್ ಅಲ್ಲವೇ? ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ ಸೊನ್ನೆ "ಇಲ್ಲ"ದ ಗುಂಪಿಗೆ ಸೇರುತ್ತದೆ. ರೂಬಿಯಲ್ಲಿ ಸೇರುವುದಿಲ್ಲ. ಲಾರಾವೆಲ್‌ನ ಫಿಲ್ಟರ್‌ಗೆ ಏನೂ ಕೊಡದೆ ಕರೆದರೂ ಸೊನ್ನೆಗಳು ಹೋಗುತ್ತವೆ.

ಎರಡನೆಯದು, ಮನುಷ್ಯರ ಪಟ್ಟಿಯಾದರೆ ಫಿಲ್ಟರ್ ಬದಲು ಪಾರ್ಟಿಷನ್ ಬಳಸಿ. ಅದು ಉಳಿದವರದೊಂದು, ಬಿಟ್ಟವರದೊಂದು, ಹೀಗೆ ಎರಡು ಪಟ್ಟಿ ಕೊಡುತ್ತದೆ. ಜಾವಾದಲ್ಲಿ ಪಾರ್ಟಿಷನಿಂಗ್-ಬೈ ಇದೆ. ನಮ್ಮಜ್ಜಿ ಮೊರದಲ್ಲಿ ಕೇರಿದ ಮೇಲೆ ಜಳ್ಳಿನಲ್ಲಿ ಒಮ್ಮೆ ಕೈಯಾಡಿಸಿ, ಕಾಳು ಹೋಗಿಲ್ಲ ಎಂದು ನೋಡಿಯೇ ಹೊರಗೆ ಚೆಲ್ಲುತ್ತಿದ್ದರು. ನಾನೂ ಬಿಟ್ಟವರ ಪಟ್ಟಿಯನ್ನು ಕಣ್ಣಾರೆ ಓದುತ್ತೇನೆ. ಎರಡೂ ಸೇರಿಸಿದರೆ ಮೊದಲಿನ ಲೆಕ್ಕಕ್ಕೆ ಸರಿಹೋಗಬೇಕು.

ಮೂರನೆಯದು, ಫಿಲ್ಟರ್ ಆದ ಮೇಲೆ ಲಾರಾವೆಲ್ ಹಳೆಯ ಕ್ರಮಸಂಖ್ಯೆಗಳನ್ನೇ ಇಟ್ಟುಕೊಳ್ಳುತ್ತದೆ. ನಡುವೆ ಸಂಖ್ಯೆ ತಪ್ಪಿದ್ದರೆ ಜೇಸನ್ ಮಾಡಿದಾಗ ಪಟ್ಟಿಯ ಬದಲು ಆಬ್ಜೆಕ್ಟ್ ಬರುತ್ತದೆ, ಮೊಬೈಲ್ ಆಪ್ ಕಂಗೆಡುತ್ತದೆ. ವ್ಯಾಲ್ಯೂಸ್ ಎಂಬ ಒಂದು ಕೊಂಡಿ ಸೇರಿಸಿದರೆ ಸಾಕು. ಹಾಗೆಯೇ ಟ್ರಾನ್ಸ್‌ಫಾರ್ಮ್, ಪುಶ್ ಮುಂತಾದವು ಹೊಸ ಪಟ್ಟಿ ಕೊಡದೆ ಮೂಲ ಪಟ್ಟಿಯನ್ನೇ ಬದಲಿಸುತ್ತವೆ. ಮ್ಯಾಪ್ ಎಂದುಕೊಂಡು ಟ್ರಾನ್ಸ್‌ಫಾರ್ಮ್ ಬರೆದರೆ ಹಿಂದಿನದು ಮತ್ತೆ ಸಿಗುವುದಿಲ್ಲ.

ನಾಲ್ಕನೆಯದು ನಮ್ಮ ಭಾಷೆಗೆ ಸೇರಿದ್ದು. ಕನ್ನಡದಲ್ಲಿ ಬರೆದ ಹೆಸರುಗಳನ್ನು ಬರೀ ಸಾರ್ಟ್ ಮಾಡಿದರೆ ಯೂನಿಕೋಡ್ ಸಂಖ್ಯೆಯ ಕ್ರಮ ಬರುತ್ತದೆ. ಅದರಲ್ಲಿ ಳ ಅಕ್ಷರ ಲ ಆದ ಕೂಡಲೇ, ವ ಅಕ್ಷರಕ್ಕೂ ಮುಂಚೆ ಇದೆ. ನಮ್ಮ ಅಕ್ಷರಮಾಲೆಯಲ್ಲಿ ಅದು ಹ ಆದ ಮೇಲೆ, ಕೊನೆಗೆ. ಹಾಗಾಗಿ ಮಳಗಿ ಎಂಬ ಹೆಸರು ಮಹೇಶನಿಗಿಂತ ಮುಂದೆ ಬಂದುಬಿಡುತ್ತದೆ, ಅಕಾರಾದಿಯಲ್ಲಿ ಹುಡುಕುವ ಹಿರಿಯರಿಗೆ ಸಿಗುವುದಿಲ್ಲ. ಕನ್ನಡಕ್ಕೆ ಹೊಂದಿಸಿದ ಕೊಲೇಟರ್ ಒಂದನ್ನು ಸಾರ್ಟ್‌ಗೆ ಕೊಟ್ಟರೆ ಇದು ಸರಿಹೋಗುತ್ತದೆ.

ಕೊನೆಗೆ ಒಂದೇ ಮಾತು. ಈ ಸರಪಳಿ ಬಿಡಿ ಎಂದು ನಾನು ಹೇಳುತ್ತಿಲ್ಲ, ಇವತ್ತಿಗೂ ದಿನಾ ಬರೆಯುತ್ತೇನೆ. ಲೂಪ್ ಬರೆದಿದ್ದರೂ ಇದೇ ತಪ್ಪು ಮಾಡಬಹುದಿತ್ತು. ಆದರೆ ಸರಪಳಿ ಓದಲು ನಯವಾಗಿರುವುದರಿಂದಲೇ ಕಣ್ಣು ಜಾರುತ್ತದೆ. ಪ್ರತಿ ಕೊಂಡಿಯೂ ಒಂದು ತೀರ್ಮಾನ. ನಾವು ಆಫೀಸಿನಲ್ಲಿ ಬರೆಯುವ ಪಟ್ಟಿಗಳೂ ಸಂಬಳದ್ದು, ವಿಮೆಯದ್ದು, ಸಾಲದ್ದು. ಅಲ್ಲಿ ಜಾರಿಹೋದವರು ಮೇಜಿನ ಮುಂದೆ ಬಂದು ನಿಲ್ಲುವುದಿಲ್ಲ, ನಮಗೆ ಗೊತ್ತೂ ಆಗುವುದಿಲ್ಲ.

ಇವತ್ತಿನ ಊಟದ ಪಟ್ಟಿಯೂ ನನ್ನದೇ. ಈ ಸಲ ಬಿಟ್ಟವರ ಪಟ್ಟಿಯನ್ನೂ ಓದಿದ್ದೇನೆ. ಆದರೂ ಯಾರದಾದರೂ ಹೆಸರು ತಪ್ಪಿದ್ದರೆ ದಯವಿಟ್ಟು "ಪರವಾಗಿಲ್ಲ ಬಿಡಿ" ಅನ್ನಬೇಡಿ, ನೇರವಾಗಿ ನನ್ನ ಹತ್ತಿರ ಬನ್ನಿ.