ಹೆಡರ್ ಎಲ್ಲಿ ಕಳೆದುಹೋಯ್ತು?

ಐರೋಳಿ, ಮಹಾಪೆ ಕಡೆ ಸರ್ವರ್ ನೋಡ್ಕೊಳ್ಳೋ ನಮ್ಮ ಕನ್ನಡದವರು ಪದೇ ಪದೇ ಕೇಳೋ ವಿಷಯ ಇವತ್ತಿನದು: ಎಂಜಿನ್‌ಎಕ್ಸ್ ಪ್ರಾಕ್ಸಿ ದಾಟೋವಾಗ ಹೆಡರ್‌ಗಳು ಮಾಯ ಆಗೋದು.

ಲಕ್ಷಣ ಹೀಗಿರುತ್ತೆ. ಯಾರೋ ಒಬ್ಬ ಐದು ಸಲ ತಪ್ಪು ಪಾಸ್‌ವರ್ಡ್ ಹಾಕ್ತಾನೆ, ಎಲ್ಲರಿಗೂ ಲಾಗಿನ್ ಬಂದ್! ಬ್ಯಾಕೆಂಡ್ ಲಾಗ್ ತೆಗೆದ್ರೆ ಪ್ರತಿ ಸಾಲಲ್ಲೂ ಒಂದೇ ಐಪಿ, ಅದೂ ಪ್ರಾಕ್ಸಿಯದ್ದು. ಸೊಸೈಟಿ ಗೇಟಿನ ರಿಜಿಸ್ಟರ್‌ನಲ್ಲಿ ಬಂದವರ ಹೆಸರಿನ ಬದಲು ವಾಚ್‌ಮನ್ ತನ್ನ ಹೆಸರೇ ಬರೆದ ಹಾಗೆ.

ಕಾರಣ ಇಷ್ಟೇ. ಬಳಕೆದಾರನ ಸಂಪರ್ಕ ಪ್ರಾಕ್ಸಿಯಲ್ಲೇ ಮುಗಿಯುತ್ತೆ. ಬ್ಯಾಕೆಂಡ್‌ಗೆ ಪ್ರಾಕ್ಸಿ ತನ್ನದೇ ಬೇರೆ ಸಂಪರ್ಕ ಬಳಸುತ್ತೆ. ನಿಜವಾದ ಐಪಿ ಆಚೆ ತಲುಪಬೇಕಾದ್ರೆ ಪ್ರಾಕ್ಸಿ_ಸೆಟ್_ಹೆಡರ್ ಬಳಸಿ ಎಕ್ಸ್-ಫಾರ್ವರ್ಡೆಡ್-ಫಾರ್ ಸಾಲನ್ನು ನಾವೇ ಬರೀಬೇಕು. ಹೋಸ್ಟ್ ಕೂಡ ಹಾಗೇ. ಬರೆಯದಿದ್ರೆ ಪ್ರಾಕ್ಸಿ_ಪಾಸ್‌ನಲ್ಲಿರೋ ಹೆಸರೇ ಹೋಗುತ್ತೆ.

"ಸರ್ವರ್ ಬ್ಲಾಕ್‌ನಲ್ಲಿ ಎಲ್ಲಾ ಬರೆದಿದ್ದೀನಲ್ಲಾ" ಅಂತೀರಿ. ಗುಂಡಿ ಇರೋದು ಅಲ್ಲೇ. ಲೊಕೇಶನ್ ಬ್ಲಾಕ್‌ನಲ್ಲಿ ಒಂದೇ ಒಂದು ಪ್ರಾಕ್ಸಿ_ಸೆಟ್_ಹೆಡರ್ ಇದ್ರೂ ಸಾಕು, ಮೇಲಿನ ಸಾಲುಗಳಲ್ಲಿ ಒಂದೂ ಕೆಳಗಿಳಿಯಲ್ಲ. ಯಾರೋ ಲಾಗಿನ್ ಲೊಕೇಶನ್‌ಗೆ ಟ್ರೇಸ್ ಐಡಿ ಸೇರಿಸ್ತಾರೆ. ಅದು ಸರಿಯಾಗೇ ಓಡುತ್ತೆ, ಐಪಿ ಮಾತ್ರ ಸದ್ದಿಲ್ಲದೆ ಹೋಗುತ್ತೆ. ಕಾನ್ಫಿಗ್ ಟೆಸ್ಟ್ ಕೂಡ ಓಕೆ ಅನ್ನುತ್ತೆ, ಬರವಣಿಗೆಯ ನಿಯಮ ಎಲ್ಲೂ ಮುರಿದಿಲ್ಲವಲ್ಲ.

ಇದಕ್ಕಿಂತ ಅಪಾಯ ಇನ್ನೊಂದಿದೆ. ಹೊರಗಿನವನೇ ಎಕ್ಸ್-ಫಾರ್ವರ್ಡೆಡ್-ಫಾರ್ ಬರೆದು ಕಳಿಸಿದ್ರೆ, ಆ ಲೊಕೇಶನ್‌ನಲ್ಲಿ ಅದು ಹಾಗೇ ಬ್ಯಾಕೆಂಡ್‌ಗೆ ದಾಟುತ್ತೆ. ಬ್ಯಾಕೆಂಡ್ ಅದನ್ನೇ ನಂಬಿದ್ರೆ, ಅವನು ಪ್ರತಿ ಸಲ ಹೊಸ ಐಪಿ ಬರೆದು ಎಷ್ಟು ಪಾಸ್‌ವರ್ಡ್ ಬೇಕಾದ್ರೂ ಪ್ರಯತ್ನಿಸಬಹುದು. ಪ್ರಾಮಾಣಿಕ ಬಳಕೆದಾರ ಹೊರಗೆ, ಕಳ್ಳ ಒಳಗೆ!

ಹುಡುಕೋದು ಹೇಗೆ? ನಾನು ಮೊದಲು ಎಂಜಿನ್‌ಎಕ್ಸ್‌ಗೆ ಮೈನಸ್ ದೊಡ್ಡಕ್ಷರದ ಟಿ ಕೊಟ್ಟು, ಇನ್‌ಕ್ಲೂಡ್ ಫೈಲುಗಳೂ ಸೇರಿದ ಪೂರ್ತಿ ಕಾನ್ಫಿಗ್ ತೆಗೀತೀನಿ. ಆಮೇಲೆ ಕರ್ಲ್‌ನಿಂದ ಒಂದೇ ರಿಕ್ವೆಸ್ಟನ್ನು ಒಮ್ಮೆ ನೇರ ಬ್ಯಾಕೆಂಡ್‌ಗೆ, ಒಮ್ಮೆ ಪ್ರಾಕ್ಸಿ ಮೂಲಕ ಕಳಿಸಿ, ಬ್ಯಾಕೆಂಡ್‌ಗೆ ತಲುಪಿದ ಹೆಡರ್‌ಗಳನ್ನ ಹೋಲಿಸ್ತೀನಿ. ಯಾವ ಲೊಕೇಶನ್‌ನಲ್ಲಿ ಹೋಯ್ತು ಅಂತ ಅಲ್ಲೇ ಗೊತ್ತಾಗುತ್ತೆ.

ಪರಿಹಾರ ಸುಲಭ. ಹೆಡರ್ ಸಾಲುಗಳನ್ನೆಲ್ಲ ಒಂದೇ ಫೈಲ್‌ನಲ್ಲಿಟ್ಟು, ಪ್ರತಿ ಲೊಕೇಶನ್‌ನಲ್ಲೂ ಇನ್‌ಕ್ಲೂಡ್ ಮಾಡಿ. ಹೊರಜಗತ್ತಿಗೆ ನಿಮ್ಮ ಪ್ರಾಕ್ಸಿ ಒಂದೇ ಇದ್ರೆ, ಎಕ್ಸ್-ಫಾರ್ವರ್ಡೆಡ್-ಫಾರ್‌ಗೆ ರಿಮೋಟ್_ಅಡ್ರ್ ಬೆಲೆಯನ್ನೇ ಕೊಡಿ. ಹೊರಗಿನವನು ಬರೆದದ್ದು ಅಳಿಸಿಹೋಗುತ್ತೆ. ಬ್ಯಾಕೆಂಡ್ ಕೂಡ ಪ್ರಾಕ್ಸಿಯಿಂದ ಬಂದದ್ದನ್ನ ಮಾತ್ರ ನಂಬಲಿ.

ನಾಳೆ ಆಫೀಸಿಗೆ ಹೋದ್ಮೇಲೆ ನಿಮ್ಮ ಲಾಗಿನ್ ಲೊಕೇಶನ್ ಒಂದನ್ನಾದ್ರೂ ತೆಗೆದು ನೋಡಿ.