35ರ ಗೆರೆ

ಎಸ್ಸೆಸ್ಸೆಲ್ಸಿಯಲ್ಲಿ ಬಹುಕಾಲ 35 ಬಂದರೆ ಪಾಸು, 34 ಬಂದರೆ ನಪಾಸು ಎಂದಿತ್ತು. ಈ ಗೆರೆ ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಅಲ್ಲೇ ಏಕಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೆ ಅಂಕ ಬೇರೆ, ಮಟ್ಟ ಬೇರೆ. ಸೂತ್ರಕ್ಕೆ ಅರ್ಧ ಅಂಕ, ಬೆಲೆ ಆದೇಶಿಸಿದ್ದಕ್ಕೆ ಅರ್ಧ, ಉತ್ತರಕ್ಕೆ ಒಂದು ಎಂದು ಮೌಲ್ಯಮಾಪಕರಿಗೆ ಮಾದರಿ ಉತ್ತರ ಕೊಟ್ಟಿರುತ್ತಾರೆ. ಅದಿಲ್ಲದಿದ್ದರೆ ಏನಾಗುತ್ತದೆಂದು ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ 1913ರಲ್ಲೇ ತೋರಿಸಿದರು: ರೇಖಾಗಣಿತದ ಒಂದೇ ಉತ್ತರ ಪತ್ರಿಕೆಗೆ ನೂರಕ್ಕೂ ಹೆಚ್ಚು ಶಿಕ್ಷಕರು ಕೊಟ್ಟ ಅಂಕಗಳು 30ರ ಕೆಳಗಿನಿಂದ 90ರ ಮೇಲಿನವರೆಗೆ ಹರಡಿದ್ದವು. ಅದೂ ಗಣಿತದಲ್ಲಿ! ಮಾದರಿ ಉತ್ತರ ಈ ಏರುಪೇರನ್ನು ತಗ್ಗಿಸುತ್ತದೆ, ನಿಜ. ಆದರೆ ಈ ಸಲದ ಪ್ರಶ್ನೆಪತ್ರಿಕೆ ಕಳೆದ ಸಲಕ್ಕಿಂತ ಕಠಿಣವಾಗಿತ್ತೇ ಎಂಬುದನ್ನು ಅದು ಹೇಳಲಾರದು.

ಇಂಗ್ಲೆಂಡಿನಲ್ಲಿ ಶ್ರೇಣಿಯ ಗೆರೆಯನ್ನು ಪರೀಕ್ಷೆ ಮುಗಿದ ಮೇಲೆ, ಪ್ರತಿ ಪತ್ರಿಕೆಗೂ ಬೇರೆಯಾಗಿ ಎಳೆಯುತ್ತಾರೆ. ಹಿರಿಯ ಪರೀಕ್ಷಕರು ಗೆರೆಯ ಆಸುಪಾಸಿನ ಉತ್ತರ ಪತ್ರಿಕೆಗಳನ್ನು ಹಿಂದಿನ ವರ್ಷ ಕಾಪಿಟ್ಟ ಅಂಥವೇ ಪತ್ರಿಕೆಗಳ ಜೊತೆಗಿಟ್ಟು ತೂಗುತ್ತಾರೆ. ಇಷ್ಟೇ ಸಾಲದು. ಪತ್ರಿಕೆ ಕಠಿಣವಾದಾಗ ಪರೀಕ್ಷಕರು ಗೆರೆಯನ್ನು ಇಳಿಸುತ್ತಾರಾದರೂ ಬೇಕಾದಷ್ಟು ಇಳಿಸುವುದಿಲ್ಲವೆಂದು ಸಂಶೋಧಕರಾದ ಗುಡ್ ಮತ್ತು ಕ್ರೆಸ್‌ವೆಲ್ 1988ರಲ್ಲಿ ತೋರಿಸಿದರು. ಹಾಗಾಗಿ ಅಂಕಿಅಂಶವನ್ನೂ ನೋಡುತ್ತಾರೆ: ಇಂಥದೇ ಸಾಮರ್ಥ್ಯದ ಮಕ್ಕಳು ಹಿಂದೆ ಎಷ್ಟು ಮಂದಿ ಈ ಶ್ರೇಣಿ ಪಡೆದಿದ್ದರು? ಹಾಗಾದರೆ ಅಂಕಿಅಂಶವೊಂದೇ ಸಾಲದೇ ಎನ್ನಬಹುದು. ಅದಕ್ಕೆ ನಮ್ಮ ಎಸ್ಸೆಸ್ಸೆಲ್ಸಿಯೇ ಉತ್ತರ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರೆಂದು ನಂಬುವುದು ಕಷ್ಟ. ಕಾವಲು ಬಿಗಿಯಾಯಿತು ಎನ್ನುವುದೇ ಹೆಚ್ಚು ಸರಿ. ಹಿಂದಿನ ಪ್ರಮಾಣಕ್ಕೆ ಆ ವರ್ಷದ ಗೆರೆಯನ್ನು ಕಣ್ಣುಮುಚ್ಚಿ ಹೊಂದಿಸಿದ್ದರೆ ಹಳೆಯ ನಕಲಿಗೂ ಮನ್ನಣೆ ಕೊಟ್ಟಂತಾಗುತ್ತಿತ್ತು. ಲೆಕ್ಕ ತಪ್ಪಿದಲ್ಲಿ ಉತ್ತರ ಪತ್ರಿಕೆಯನ್ನು ಓದುವ ಕಣ್ಣೇ ಬೇಕು. ಕಣ್ಣು ಮೋಸಹೋಗುವಲ್ಲಿ ಲೆಕ್ಕ ಬೇಕು.

ವರ್ಷಕ್ಕೊಂದು ಗೆರೆಯೆಂದರೆ ಪೋಷಕರು ನಂಬುತ್ತಾರೆಯೇ, ಸರ್ಕಾರಗಳು ಅದನ್ನು ತಮಗೆ ಬೇಕಾದಂತೆ ಬಗ್ಗಿಸವೇ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ 2024ರಲ್ಲೂ ಗೆರೆ ಸರಿದಿತ್ತು. 35 ಎಂದು ಬರೆದಿಟ್ಟು, ಫಲಿತಾಂಶ ನೋಡಿ ಕೃಪಾಂಕ ಸೇರಿಸಿದಾಗ ಸರಿದದ್ದು ಗೆರೆಯೇ. ಎಷ್ಟು ಸರಿಯಿತು, ಯಾವ ಉತ್ತರ ಪತ್ರಿಕೆಗಳನ್ನು ನೋಡಿ ಸರಿಸಿದರು ಎಂಬುದಷ್ಟೇ ಕಾಣಲಿಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ವರ್ಷದ ಗೆರೆಗಳನ್ನು ಫಲಿತಾಂಶದ ಜೊತೆಗೇ ಪ್ರಕಟಿಸುತ್ತಾರೆ. ನಮ್ಮ ಮಂಡಳಿಯೂ ಗಡಿಯಲ್ಲಿರುವ ಉತ್ತರ ಪತ್ರಿಕೆಗಳನ್ನು ಹೆಸರು, ನೋಂದಣಿ ಸಂಖ್ಯೆ ಅಳಿಸಿ ಕಾಪಿಡಲಿ. ಮುಂದಿನ ವರ್ಷ ಅವುಗಳ ಪಕ್ಕದಲ್ಲಿ ಹೊಸವನ್ನಿಟ್ಟು ಗೆರೆ ಎಳೆದು, ಕಾರಣವನ್ನು ಎಲ್ಲರಿಗೂ ತಿಳಿಸಲಿ.