ಗಡಸು ನೀರಿನ ಬಣ್ಣದ ಮೀನು

ಈ ಹೊತ್ತು ನಾನು ಬೀಜದ ಮಾತು, ಗೊಬ್ಬರದ ಮಾತು ತಂದಿಲ್ಲ. ನಮ್ಮ ಉಚ್ಚಂಗಿದುರ್ಗದ ಸುತ್ತಿನ ನೀರಿನ ಮಾತು ತಂದಿದ್ದೇನೆ. ಈ ನೀರಿನ ಗುಣ ನಿಮಗೆ ಹೊಸದಲ್ಲ. ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಸಾಬೂನು ಉಜ್ಜಿ ಉಜ್ಜಿ ಕೈ ಸೋತರೂ ನೊರೆ ಏಳುವುದಿಲ್ಲ. ಬೇಳೆ ಒಲೆಯ ಮೇಲಿಟ್ಟರೆ ಬೇಯಲೋ ಬ್ಯಾಡವೋ ಎಂದು ಕೂತಿರುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರು ಕಟ್ಟುತ್ತದೆ. ಇಂಥದಕ್ಕೆ ಗಡಸು ನೀರೆಂದು ಹೆಸರು. ನೆಲದೊಳಗಿನ ಕಲ್ಲುಬಂಡೆಗಳಿಂದ ಸುಣ್ಣದ ಅಂಶ ನೀರಿನಲ್ಲಿ ಕರಗಿ ಬರುವುದರಿಂದ ಹೀಗಾಗುತ್ತದೆ.

ನಮ್ಮ ತಾಯಂದಿರು ಬೈಯುವ ಈ ನೀರನ್ನೇ ಹುಡುಕಿಕೊಂಡು ಬದುಕುವ ಒಂದು ಜೀವಿ ಇದೆ ಎಂದರೆ ನಂಬುತ್ತೀರಾ? ಅದು ಆಫ್ರಿಕ ಖಂಡದ ಮಲಾವಿ ಸರೋವರದ ಸಿಕ್ಲಿಡ್ ಮೀನು. ಅದನ್ನು ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಸಾಕುವುದು ಹೇಗೆ, ಎಲ್ಲಿ ಎಡವಬಾರದು ಎಂಬುದನ್ನು ಈಗ ಹೇಳುತ್ತೇನೆ.

ಮಲಾವಿ ಸರೋವರ ಸುಮಾರು 580 ಕಿಲೋಮೀಟರು ಉದ್ದ. ಆಳವಾದ ಕಡೆ 700 ಮೀಟರು. ಅದರ ಅಂಚಿನಲ್ಲೆಲ್ಲ ನಮ್ಮ ದುರ್ಗದಂತೆ ಬಂಡೆಯ ಮೇಲೆ ಬಂಡೆ. ಆ ಬಂಡೆಗಳ ಸಂದಿಯಲ್ಲಿ ಹಳದಿ, ನೀಲಿ, ಪಟ್ಟೆ ಪಟ್ಟೆಯ ಮೀನುಗಳು ಕಲ್ಲಿಗೆ ಅಂಟಿದ ಪಾಚಿಯನ್ನು ಕೆರೆದು ತಿಂದು ಬಾಳುತ್ತವೆ. ಅಲ್ಲಿಯವರು ಈ ಬಂಡೆ ಮೀನುಗಳನ್ನು ಎಂಬುನ ಎನ್ನುತ್ತಾರೆ. ಆ ಒಂದು ಸರೋವರದಲ್ಲಿಯೇ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ. ಬಹುಪಾಲು ಬೇರೆಲ್ಲಿಯೂ ಸಿಗುವುದಿಲ್ಲ. ಅಲ್ಲಿನ ನೀರಿನ ಪಿ.ಹೆಚ್. 7.7ರಿಂದ 8.6ರವರೆಗೆ, ಅಂದರೆ ಸ್ವಲ್ಪ ಕ್ಷಾರ.

ಈ ಕುಲ ನಮಗೆ ಪೂರ್ತಿ ಪರಕೀಯವೇನೂ ಅಲ್ಲ. ದಕ್ಷಿಣ ಕನ್ನಡದ ಹೊಳೆಗಳಲ್ಲಿ ನಮ್ಮದೇ ಒಂದು ಸಿಕ್ಲಿಡ್ ಇದೆ. ಕೇರಳದವರು ಬಾಯಿ ಚಪ್ಪರಿಸುವ ಕರಿಮೀನೂ ಇದೇ ಕುಲದ್ದು. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯ, ಆಫ್ರಿಕದಿಂದ ಬಂದ ಸಿಕ್ಲಿಡ್ಡೇ. ಆ ಜಿಲೇಬಿ ಮೀನಿನ ಕತೆಗೆ ಕೊನೆಯಲ್ಲಿ ಬರುತ್ತೇನೆ, ಮರೆಯಬೇಡಿರಿ.

ಮೊದಲು ಒಂದು ಪ್ರಶ್ನೆಯನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಬೇಸಿಗೆಯಲ್ಲಿ ವಾರಕ್ಕೆ ನಾಲ್ಕು ಕೊಡ ನೀರು ಮನೆಯಲ್ಲಿ ಮಿಗುತ್ತದೆಯೇ? ಕುಡಿಯುವ ನೀರಿಗೇ ಸಾಲು ನಿಲ್ಲುವ ಮನೆಯವರು ಈ ಕೆಲಸಕ್ಕೆ ಇಳಿಯಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನೀರುಂಟು ಎನ್ನುವವರು ಮುಂದೆ ಕೇಳಿರಿ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇರಲಿ. ಗಾಜು 10 ಮಿಲಿಮೀಟರು ದಪ್ಪ ಇರಲಿ. ಚಿಕ್ಕ ತೊಟ್ಟಿ ಸಾಕೆಂದು ಅಂಗಡಿಯವನು ಹೇಳಿದರೂ ಒಪ್ಪಬೇಡಿರಿ. ಈ ಮೀನುಗಳಿಗೆ ಬದುವಿನ ಜಗಳ ಬಹಳ. ಗಂಡು ಮೀನು ತನಗೊಂದು ಕಲ್ಲು ಹಿಡಿದು, ಹತ್ತಿರ ಬಂದವರನ್ನೆಲ್ಲ ಅಟ್ಟುತ್ತದೆ. ಜಾಗ ಸಾಲದಿದ್ದರೆ ಸೋತ ಮೀನಿಗೆ ಓಡಲು ದಾರಿಯೇ ಇಲ್ಲ.

ಈ ಅಳತೆಯ ತೊಟ್ಟಿ ಸುಮಾರು 250 ಲೀಟರು ನೀರು ಹಿಡಿಯುತ್ತದೆ. ನೀರು, ಕಲ್ಲು, ಗಾಜು ಕೂಡಿದರೆ ಮೂರು ಕ್ವಿಂಟಾಲಿಗೂ ಮಿಕ್ಕಿದ ಭಾರ. ಮರದ ಮೇಜಿನ ಮೇಲೆ ಇಟ್ಟು ಪೇಚಾಡಬೇಡಿರಿ. ಇಟ್ಟಿಗೆಯ ಗಟ್ಟಿ ಕಟ್ಟೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿರಿ. ಮಟ್ಟಗೋಲಿನಿಂದ ನೋಡಿ, ನಡುವೆ ಒಂದು ಥರ್ಮೋಕೋಲ್ ಹಲಗೆ ಹಾಕಿದ ಮೇಲೆ ತೊಟ್ಟಿ ಇಡಿರಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ, ತಗಡಿನ ಮಾಡಿನ ಕೆಳಗೆ ಬೇಡ, ಒಲೆಯ ಹೊಗೆ ಬರುವ ಕಡೆಯೂ ಬೇಡ.

ಇನ್ನು ಕಲ್ಲು. ಈ ಮೀನುಗಳಿಗೆ ಕಲ್ಲೇ ಮನೆ. ನಮ್ಮ ಕಡೆ ಕಲ್ಲಿಗೇನು ಬರ? ಆದರೆ ಕೋಟೆಯ ಗೋಡೆಯ ಕಲ್ಲನ್ನಾಗಲಿ, ಗುಡಿಯ ಸುತ್ತಿನ ಕಲ್ಲನ್ನಾಗಲಿ ಮುಟ್ಟಬೇಡಿರಿ. ಪಾಂಡ್ಯ ಅರಸರ ಕಾಲದಿಂದ ನಿಂತ ಕೋಟೆ ನಿಮ್ಮ ಮೀನಿಗಾಗಿ ಒಂದು ಕಲ್ಲೂ ಕಳೆದುಕೊಳ್ಳಬಾರದು. ಹಳ್ಳದ ದಂಡೆಯ ನುಣ್ಣನೆಯ ಕಲ್ಲು ತನ್ನಿರಿ. ಔಷಧಿ ಹೊಡೆದ ಹೊಲದ ಕಲ್ಲು, ತುಕ್ಕಿನ ಬಣ್ಣದ ಗೆರೆಯಿರುವ ಅದಿರುಗಲ್ಲು ಬೇಡ. ಸಾಬೂನು ಮುಟ್ಟಿಸದೆ ಬ್ರಷ್ಷಿನಿಂದ ತಿಕ್ಕಿ ತೊಳೆದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿರಿ.

ಕಲ್ಲು ಜೋಡಿಸುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ನಾನು ಮೊದಲು ಮರಳು ಹಾಸಿ, ಅದರ ಮೇಲೆ ಕಲ್ಲು ಪೇರಿಸಿದೆ. ನೋಡಲು ಬಹಳ ಚೆಂದ ಇತ್ತು. ಆದರೆ ಈ ಮೀನು ಹೆಗ್ಗಣದಂತೆ ಮರಳು ತೋಡುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ರಾತ್ರಿ ಬುಡದ ಮರಳು ಸರಿದು ಕಲ್ಲು ಉರುಳಿತು, ತಳದ ಗಾಜು ಸೀಳಿತು. ಬೆಳಿಗ್ಗೆ ಎದ್ದರೆ ಪಡಸಾಲೆಯೆಲ್ಲ ನೀರು. ಒಂದು ಮೀನೂ ಉಳಿದಿರಲಿಲ್ಲ. ನನ್ನ ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದುದರಿಂದ ಮೊದಲು ತಳಕ್ಕೆ ತೆಳುವಾದ ಥರ್ಮೋಕೋಲ್ ಹಾಕಿ, ಅದರ ಮೇಲೆ ಕಲ್ಲನ್ನು ಅಲುಗದಂತೆ ಕೂಡಿಸಿ, ಆಮೇಲೆ ಸುತ್ತ ಒಂದೆರಡು ಅಂಗುಲ ತೊಳೆದ ಮರಳು ಹಾಕಿರಿ. ಮೀನು ನುಸುಳಿ ಆಚೆ ಬರುವಂತೆ ಗವಿಗಳು ಬಹಳ ಇರಲಿ.

ನೀರು ತುಂಬುವ ವಿಚಾರ. ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರು ನಮಗೆ ಕುಡಿಯಲು ಒಳ್ಳೆಯದು, ಈ ಮೀನಿಗೆ ಒಳ್ಳೆಯದಲ್ಲ. ಅದರಲ್ಲಿ ಲವಣಗಳನ್ನು ತೆಗೆದಿರುತ್ತಾರೆ. ಕೊಳವೆ ಬಾವಿಯ ನೀರೇ ಸರಿ. ಆದರೆ ಆಗತಾನೆ ಮೇಲೆ ಬಂದ ನೀರಿನಲ್ಲಿ ಮೀನಿಗೆ ಬೇಕಾದ ಪ್ರಾಣವಾಯು ಕಡಿಮೆ. ಒಂದು ದಿನ ತೆರೆದ ಡ್ರಮ್ಮಿನಲ್ಲಿಟ್ಟು, ಗಾಳಿ ಪಂಪು ಆಡಿಸಿ ಬಳಸಿರಿ. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರಾದರೆ ಹೀಗೆ ಇಡುವುದು ತಪ್ಪಲೇಬಾರದು. ನಿಮ್ಮ ನೀರು ಮೆತ್ತಗಿದ್ದರೆ ಎರೆಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳನ್ನು ತೊಳೆದು, ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿ ಶೋಧಕದೊಳಗೆ ಇಡಬಹುದು. ನಿಂಬೆರಸ ಬಿಟ್ಟಾಗ ಗುಳ್ಳೆ ಎದ್ದರೆ ಅದು ಸುಣ್ಣದ ಹರಳೇ.

ಈಗ ಮುಖ್ಯವಾದ ಮಾತು. ನೀರು ತುಂಬಿದ ದಿನವೇ ಮೀನು ಬಿಡಬೇಡಿರಿ. ಆತುರಗಾರನಿಗೆ ಬುದ್ಧಿ ಮಟ್ಟ. ಕಾರಣ ನಿಮ್ಮ ಹೊಲದಲ್ಲಿಯೇ ಇದೆ. ಮಣ್ಣಿಗೆ ಹಾಕಿದ ಯೂರಿಯಾ ಮೊದಲು ಅಮೋನಿಯಾ ಆಗುತ್ತದೆ; ಬಳಿಕ ಮಣ್ಣಿನ ಸೂಕ್ಷ್ಮ ಜೀವಿಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೀನಿನಿಂದಲೂ ಅಮೋನಿಯಾ ಹೊರಬೀಳುತ್ತದೆ. ಅದು ಮೀನಿಗೆ ವಿಷ, ನೈಟ್ರೈಟ್ ಕೂಡ ವಿಷ. ಪಿ.ಹೆಚ್. ಹೆಚ್ಚಿರುವ ನಮ್ಮಂಥ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀವ್ರ. ಹೊಸ ತೊಟ್ಟಿಯಲ್ಲಿ ಆ ಸೂಕ್ಷ್ಮ ಜೀವಿಗಳು ಇರುವುದಿಲ್ಲ. ಶೋಧಕವನ್ನು ಓಡಿಸುತ್ತ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ, ನಾಲ್ಕರಿಂದ ಆರು ವಾರ ಕಾಯಿರಿ. ಅಂಗಡಿಯಲ್ಲಿ ಸಿಗುವ ಪರೀಕ್ಷೆಯ ಹನಿಗಳಿಂದ ನೋಡಿರಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ಬಂದು, ನೈಟ್ರೇಟ್ ಕಾಣಿಸಿಕೊಂಡರೆ ತೊಟ್ಟಿ ಹದಕ್ಕೆ ಬಂತೆಂದು ತಿಳಿಯಿರಿ. ಬಿತ್ತುವ ಮೊದಲು ಭೂಮಿ ಹದ ಮಾಡುವವರು ನೀವು. ಇದನ್ನು ನಿಮಗೆ ಹೆಚ್ಚು ಹೇಳಬೇಕಿಲ್ಲ.

ಶೋಧಕ ಗಂಟೆಗೆ ಸುಮಾರು 1,500 ಲೀಟರು ನೀರು ತಿರುಗಿಸುವಂಥದಿರಲಿ. ಅದರ ಜೊತೆಗೆ ಒಂದು ಗಾಳಿ ಪಂಪು ಬೇರೆ ಇರಲಿ. ಕಾರ್ತಿಕ ಕಳೆದ ಮೇಲೆ ರಾತ್ರಿಯ ಚಳಿಗೆ ನೀರು ತಣ್ಣಗಾಗುತ್ತದೆ. ಮೀನಿಗೆ 24ರಿಂದ 27 ಡಿಗ್ರಿ ಬೇಕು. ಅದಕ್ಕೆ ತಾನೇ ಆರಿ ತಾನೇ ಹೊತ್ತುವ 200 ವಾಟಿನ ಹೀಟರು ಸಾಕು. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ಚು ಆರಿಸಿರಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರಲಿ. ಆಗ ವೈರಿನ ಮೇಲೆ ಇಳಿದ ನೀರು ಪ್ಲಗ್ಗಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಯಾವ ಮೀನು ತರಬೇಕು? ಮೊದಲ ಸಲದವರಿಗೆ ಹಳದಿ ಲ್ಯಾಬ್ ಎಂಬ ನಿಂಬೆ ಬಣ್ಣದ ಮೀನು ಒಳ್ಳೆಯದು. ಈ ಕುಲದಲ್ಲಿ ಅದೇ ಸಾಧು. ಹನ್ನೆರಡರಿಂದ ಹದಿನೈದು ಮರಿಗಳಿಗೆ ನಿಲ್ಲಿಸಿರಿ. ಅವನ್ನೂ ಮೂರು ನಾಲ್ಕು ಕಂತಿನಲ್ಲಿ ತನ್ನಿರಿ. ದೊಡ್ಡವಾದಾಗ ಒಂದು ಗಂಡಿಗೆ ಮೂರು ಹೆಣ್ಣು ಇದ್ದರೆ ಜಗಳ ಹಂಚಿಹೋಗುತ್ತದೆ. ಔರಾಟಸ್, ಕೆನ್ಯಿ ಎಂಬವು ನೋಡಲು ಚೆಂದ, ಗುಣದಲ್ಲಿ ಪುಂಡ, ಬ್ಯಾಡ. ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್‌ಗಳನ್ನು ಇವುಗಳ ಜೊತೆ ಬಿಟ್ಟರೆ ಅವುಗಳ ಗತಿ ಮುಗಿಯಿತು.

ಆಹಾರದಲ್ಲಿ ಕೈ ಬಿಗಿ ಇರಲಿ. ಇವು ಬಹುಪಾಲು ಪಾಚಿ ತಿನ್ನುವ ಮೀನುಗಳು. ಸ್ಪಿರುಲಿನ ಪಾಚಿ ಬೆರೆಸಿದ ಕಾಳನ್ನು ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಿರಿ. ಔಷಧಿ ಹೊಡೆಯದ ಪಾಲಕ್ ಸೊಪ್ಪನ್ನು ಬಿಸಿನೀರಲ್ಲಿ ಅದ್ದಿ ಆಗಾಗ ಕೊಡಬಹುದು. ಮಾಂಸದ ಚೂರು, ಅನ್ನ, ರೊಟ್ಟಿ ಕೂಡದು. ಹೊಟ್ಟೆ ಉಬ್ಬಿ ಸಾಯುತ್ತವೆ. ಮಕ್ಕಳು ಪ್ರೀತಿಯಿಂದ ಮುಷ್ಟಿಗಟ್ಟಲೆ ಹಾಕುತ್ತಾರೆ, ಡಬ್ಬಿ ಎತ್ತರದಲ್ಲಿಡಿರಿ. ವಾರಕ್ಕೊಂದು ಏಕಾದಶಿ ಮೀನಿಗೂ ಒಳ್ಳೆಯದೇ.

ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಂಡು, ತಳದ ಕಸವನ್ನು ಕೊಳವೆಯಿಂದ ಎಳೆಯುತ್ತ, ನಾಲ್ಕು ಕೊಡ, ಅಂದರೆ 60 ಲೀಟರು, ಹಳೆಯ ನೀರು ತೆಗೆದು, ಅಷ್ಟೇ ಹೊಸ ನೀರು ಹಾಕಿರಿ. ಶೋಧಕದ ಸ್ಪಂಜನ್ನು ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿರಿ. ನಲ್ಲಿಯ ಕೆಳಗೆ ತೊಳೆದರೆ ಒಳ್ಳೆಯ ಸೂಕ್ಷ್ಮ ಜೀವಿಗಳು ಸಾಯುತ್ತವೆ. ತೆಗೆದ ನೀರನ್ನು ಚರಂಡಿಗೆ ಚೆಲ್ಲುವುದು ಪಾಪ. ಅದರಲ್ಲಿ ನೈಟ್ರೇಟ್ ಇದೆ. ಕರಿಬೇವಿಗೆ, ಬದನೆಗೆ, ಹಿತ್ತಲ ನುಗ್ಗೆಗೆ ಹಾಕಿರಿ. ಹೀಗೆ ಮಾಡಿದರೆ ಆ ನಾಲ್ಕು ಕೊಡ ನೀರು ಎರಡು ಸಲ ದುಡಿಯುತ್ತದೆ.

ಯುಗಾದಿ ದಾಟಿದ ಮೇಲಿನ ಬಿಸಿಲು ನಿಮಗೆ ಗೊತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಪ್ರಾಣವಾಯು ಕಡಿಮೆ. 30 ಡಿಗ್ರಿ ದಾಟಿದರೆ ಮುಚ್ಚಳ ತೆಗೆದು, ಬಲೆ ಹೊದಿಸಿ, ನೀರಿನ ಮೇಲೆ ಫ್ಯಾನಿನ ಗಾಳಿ ಆಡಿಸಿರಿ. ಆಹಾರ ಕಡಿಮೆ ಮಾಡಿರಿ. ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪು ಹಚ್ಚಿರಿ. ಅದೂ ಇಲ್ಲವೇ, ಚೊಂಬಿನಿಂದ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಹೊಯ್ಯಿರಿ. ಕರೆಂಟು ಬರುವ ತನಕ ಆಹಾರ ಹಾಕಕೂಡದು.

ರೈತರ ಮನೆಗೆ ವಿಶೇಷವಾದ ಎಚ್ಚರಿಕೆ ಒಂದಿದೆ. ಔಷಧಿ ಹೊಡೆದು ಬಂದ ಕೈ, ಔಷಧಿಯ ಡಬ್ಬಿ, ಅದರ ಬಕೀಟು ತೊಟ್ಟಿಯ ಹತ್ತಿರ ಸುಳಿಯಬಾರದು. ಸೊಳ್ಳೆಯ ಔಷಧಿಯನ್ನೂ ಆ ಕೋಣೆಯಲ್ಲಿ ಸಿಂಪಡಿಸಬೇಡಿರಿ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಹಾಕುತ್ತದಲ್ಲ! ಹುಳಕ್ಕೆ ಹೊಡೆಯುವ ಎಷ್ಟೋ ಔಷಧಿಗಳು ಮೀನಿಗೆ ಬಲು ಬೇಗ ತಗಲುತ್ತವೆ.

ಎಲ್ಲ ಸರಿಯಾಗಿ ನಡೆದರೆ ಒಂದು ದಿನ ಒಂದು ಹೆಣ್ಣು ಮೀನು ಗದ್ದ ಉಬ್ಬಿಸಿಕೊಂಡು, ಆಹಾರ ಮುಟ್ಟದೆ, ಕಲ್ಲಿನ ಮರೆಯಲ್ಲಿ ನಿಂತಿರುತ್ತದೆ. ಕಾಯಿಲೆಯೆಂದು ಗಾಬರಿಯಾಗಬೇಡಿರಿ. ಅದರ ಬಾಯಿ ತುಂಬ ಮೊಟ್ಟೆ! ಸುಮಾರು ಮೂರು ವಾರ ಆ ತಾಯಿ ಉಪವಾಸವಿದ್ದು, ಬಾಯಿಯೊಳಗೇ ಮರಿ ಮಾಡಿ, ಈಜಬಲ್ಲ ಮರಿಗಳನ್ನು ಹೊರಗೆ ಬಿಡುತ್ತದೆ. ಮನೆಯ ಮಕ್ಕಳನ್ನು ಕರೆದು ತೋರಿಸಿರಿ. ಪುಸ್ತಕದ ಪಾಠಕ್ಕಿಂತ ಅದು ಚೆನ್ನಾಗಿ ನಾಟುತ್ತದೆ.

ಮರಿ ಹೆಚ್ಚಿದಾಗ ಮನಸ್ಸಿಗೆ ಒಂದು ಯೋಚನೆ ಬರುತ್ತದೆ: ಪಾಪ, ಕೆರೆಗೆ ಬಿಟ್ಟುಬಿಡೋಣ. ಇಲ್ಲಿಯೇ ಜಿಲೇಬಿ ಮೀನಿನ ಕತೆ ನೆನಪಿಡಿರಿ. 1952ರಲ್ಲಿ ಆ ಮೀನನ್ನು ಊಟಕ್ಕಾಗುತ್ತದೆಂದು ನಮ್ಮ ದೇಶಕ್ಕೆ ತಂದರು. ಅದೂ ಬಾಯಲ್ಲಿ ಮರಿ ಮಾಡುವ ಜಾತಿ. ಮರಿ ಸಾಯುವುದು ಕಡಿಮೆ. ಕೆರೆಯಿಂದ ಕೆರೆಗೆ ಹಬ್ಬಿತು, ಗಿಜಿಗುಟ್ಟಿ ಸಣ್ಣಗೇ ಉಳಿಯಿತು, ನಮ್ಮ ನಾಟಿ ಮೀನುಗಳ ಮೇವು ಮತ್ತು ಜಾಗ ಕಸಿಯಿತು. ಒಮ್ಮೆ ಬಿಟ್ಟದ್ದನ್ನು ಮರಳಿ ಹಿಡಿಯಲು ಯಾರಿಂದಲೂ ಆಗಲಿಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನೂ ಹೀಗೆಯೇ. ಕೆರೆಗೆ ಸೇರಿದರೆ ದಂಡೆಯಲ್ಲಿ ಬಿಲ ತೋಡುತ್ತದೆ. ಏರಿಯಲ್ಲಿ ಬಿಲ ಬಿದ್ದರೆ ಏನಾಗುತ್ತದೆಂದು ರೈತನಿಗೆ ಬೇರೆ ಹೇಳಬೇಕೇ?

ಆದುದರಿಂದ ಕೆರೆಗೂ, ಹಳ್ಳಕ್ಕೂ, ಕೃಷಿ ಹೊಂಡಕ್ಕೂ, ದುರ್ಗದ ಮೇಲಿನ ಹೊಂಡಕ್ಕೂ ಒಂದು ಮರಿಯನ್ನೂ ಬಿಡಬೇಡಿರಿ. ಹೆಚ್ಚಾದರೆ ನೆರೆಯವರಿಗೆ ಕೊಡಿರಿ, ಶಾಲೆಗೆ ಕೊಡಿರಿ, ಅಂಗಡಿಗೆ ಹಿಂತಿರುಗಿಸಿರಿ. ಮರಿಗಳು ತೊಟ್ಟಿಯಲ್ಲಿಯೇ ಬಿದ್ದರೆ ದೊಡ್ಡ ಮೀನುಗಳು ಬಹಳಷ್ಟನ್ನು ತಿಂದುಬಿಡುತ್ತವೆ. ಅದು ಅವುಗಳ ಸರೋವರದಲ್ಲಿಯೂ ನಡೆಯುವ ರೀತಿಯೇ. ಸಾಕುವ ಶಕ್ತಿ ಇಲ್ಲದಿದ್ದರೆ ಮೊದಲೇ ತರಬೇಡಿರಿ. ಈ ಮೀನು ಏಳೆಂಟು ವರ್ಷ ಬದುಕಬಲ್ಲದು. ಕರು ಕಟ್ಟಿದಂತೆಯೇ ಇದೂ ಒಂದು ಹೊಣೆ.

ಬೇಳೆ ಬೇಯದ ನೀರು ಕೆಟ್ಟ ನೀರಲ್ಲ. ಯಾರಿಗೆ ಯಾವುದು ಒಗ್ಗುತ್ತದೆಂದು ತಿಳಿದು ಬಳಸಿದರೆ ಅದಕ್ಕೂ ಬೆಲೆ ಇದೆ. ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ಕೂತಾಗ, ಕಲ್ಲಿನ ಸಂದಿಯಿಂದ ಒಂದು ಹಳದಿ ಮೀನು ಇಣುಕಿ ನಿಮ್ಮ ಕಡೆ ನೋಡಿದರೆ ದಣಿವು ಸ್ವಲ್ಪ ಇಳಿಯುತ್ತದೆ. ಅದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಈಗ ನನ್ನ ತೊಟ್ಟಿಯ ಕಲ್ಲುಗಳು ಅಲುಗುವುದಿಲ್ಲ, ಮೊಮ್ಮಗಳೂ ಮಾತಾಡುತ್ತಾಳೆ.